ವಿಷ್ಣುಕ್ರಾಂತಿ: ಬಯಲಿನ ಗಿಡವೊಂದರ ಕೈತೋಟದ ಬದುಕು

ಬಯಲುಸೀಮೆಯ ಗೋಮಾಳದಲ್ಲಿ, ರಸ್ತೆಬದಿಯ ಗರಸು ನೆಲದಲ್ಲಿ, ದನ ತುಳಿದ ಹುಲ್ಲಿನ ನಡುವೆ ವಿಷ್ಣುಕ್ರಾಂತಿ ಯಾರ ಹಂಗೂ ಇಲ್ಲದೆ ಬದುಕುತ್ತದೆ. ಅದೇ ಗಿಡವನ್ನು ಮನೆಗೆ ತಂದು ಗೊಬ್ಬರದ ಮಣ್ಣಿಗೆ ನೆಟ್ಟು, ನೆರಳಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ಕೊಟ್ಟರೆ ಒಂದು ಮಳೆಗಾಲವನ್ನೂ ದಾಟುವುದು ಕಷ್ಟ. ತೋಟಗಾರರು ಇದಕ್ಕೆ ಗಿಡದ ಮೊಂಡುತನವನ್ನು ದೂರುತ್ತಾರೆ. ದೂರಬೇಕಾದದ್ದು ಆರೈಕೆಯ ಅತಿಯನ್ನು ಎಂಬುದು ಈ ಲೇಖನದ ವಾದ. ಈ ಗಿಡದ ಬೇರು, ಎಲೆ, ಬೀಜಗಳ ರಚನೆಯನ್ನು ಗಮನಿಸಿ ನೋಡಿದರೆ ಅದಕ್ಕೆ ಏನು ಬೇಕು, ಏನು ಬೇಡ ಎಂಬುದು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಆದರೆ ಮೊದಲು ನಾವು ಮಾತಾಡುತ್ತಿರುವ ಗಿಡ ಯಾವುದೆಂಬುದು ಇತ್ಯರ್ಥವಾಗಬೇಕು. ಇಲ್ಲಿ ಗೊಂದಲ ಹಳೆಯದು. ಅಮರಕೋಶ ವಿಷ್ಣುಕ್ರಾಂತೆಯನ್ನು ಅಪರಾಜಿತೆ, ಗಿರಿಕರ್ಣಿಗಳ ಸಾಲಿನಲ್ಲಿಡುತ್ತದೆ. ಆ ಲೆಕ್ಕದಲ್ಲಿ ಅದು ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಬಳ್ಳಿ. ದಕ್ಷಿಣದ ರೂಢಿ ಬೇರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ವಿಷ್ಣು-ಕ್ಲಾಂದಿ ಎಂಬ ಹೆಸರಿನಡಿ ಇರುವುದು ನೆಲಕ್ಕಂಟಿ ಬೆಳೆಯುವ ಈ ಪುಟ್ಟ ಗಿಡವೇ. ಮಲಯಾಳಿಗಳ ದಶಪುಷ್ಪದಲ್ಲಿ ಗರಿಕೆ, ಗರುಗ, ಸಹದೇವಿ, ನೆಲತಾಳೆಗಳ ಜೊತೆ ಸೇರುವುದೂ ಇದೇ. ಲಿನೇಯಸ್ 1753ರಲ್ಲಿ ಇದನ್ನು ಕನ್ವಾಲ್ವ್ಯುಲಸ್ ಕುಲದಲ್ಲಿಟ್ಟ. 1762ರಲ್ಲಿ ಅಲ್ಲಿಂದ ತೆಗೆದು ಇವಾಲ್ವ್ಯುಲಸ್ ಆಲ್ಸಿನಾಯ್ಡಿಸ್ ಎಂದು ಕರೆದ. ಶಂಖಪುಷ್ಪಿ ಎಂಬ ಔಷಧಿಯ ಹೆಸರಿನಲ್ಲೂ ಈ ಗಿಡ ಮಾರಾಟವಾಗುವುದುಂಟು. ಆದರೆ ಭಾರತೀಯ ಆಯುರ್ವೇದ ಫಾರ್ಮಕೋಪಿಯ ಶಂಖಪುಷ್ಪಿ ಎಂದು ಅಂಗೀಕರಿಸಿರುವುದು ಕನ್ವಾಲ್ವ್ಯುಲಸ್ ಪ್ಲೂರಿಕಾಲಿಸ್ ಎಂಬ ಬೇರೊಂದು ಗಿಡವನ್ನು. ಔಷಧಿಯ ಆ ಜಗಳ ಇಲ್ಲಿ ನಮಗೆ ಬೇಡ.

ತೋಟಗಾರನಿಗೆ ಹೆಚ್ಚು ಮುಖ್ಯವಾದ ಗೊಂದಲ ನರ್ಸರಿಯದು. ‘ಬ್ಲೂ ಡೇಸ್’ ಎಂದೋ ಬರಿಯ ‘ಇವಾಲ್ವ್ಯುಲಸ್’ ಎಂದೋ ಮಾರುವ, ನೀಲಿ ಹೂವು ದಟ್ಟವಾಗಿ ಬಿಡುವ ಕುಂಡದ ಗಿಡ ದಕ್ಷಿಣ ಅಮೆರಿಕದ್ದು. ಕಡ್ಡಿ ನೆಟ್ಟರೆ ಸುಲಭವಾಗಿ ಬೇರೂರುತ್ತದೆ, ನೀರನ್ನೂ ಗೊಬ್ಬರವನ್ನೂ ಸಹಿಸುತ್ತದೆ. ಇನ್ನೊಂದು, ಹುಲ್ಲುಹಾಸುಗಳಲ್ಲಿ ತಾನಾಗಿ ಹರಡಿಕೊಳ್ಳುವ ಇವಾಲ್ವ್ಯುಲಸ್ ನಮ್ಯುಲೇರಿಯಸ್. ಇದೂ ಅಮೆರಿಕ ಖಂಡದಿಂದ ಬಂದದ್ದೇ. ಎಲೆ ನಾಣ್ಯದ ಹಾಗೆ ದುಂಡಗೆ, ಹೂವು ಬಿಳಿ, ಕಾಂಡದ ಗೆಣ್ಣುಗೆಣ್ಣಿಗೂ ಬೇರು. ನಮ್ಮ ವಿಷ್ಣುಕ್ರಾಂತಿಯ ಎಲೆ ಉದ್ದನೆಯದು, ಒಂದರಿಂದ ಎರಡೂವರೆ ಸೆಂಟಿಮೀಟರಿನಷ್ಟು. ಮೈಯೆಲ್ಲ ರೇಷ್ಮೆಯಂಥ ರೋಮ. ಗೆಣ್ಣುಗಳಲ್ಲಿ ಬೇರು ಬಿಡುವುದಿಲ್ಲ. ಬೇರು ಬಿಡದ ಈ ಗುಣವೊಂದೇ ಅದರ ಕೃಷಿಯನ್ನು ಉಳಿದೆರಡರ ಕೃಷಿಯಿಂದ ಬೇರೆ ಮಾಡುತ್ತದೆ. ಬ್ಲೂ ಡೇಸ್ ಬೆಳೆಸಿದ ಅನುಭವವನ್ನು ಇಲ್ಲಿಗೆ ತಂದವರು ಸೋಲುವುದು ಇದರಿಂದಲೇ.

ವಿಷ್ಣುಕ್ರಾಂತಿ ಬಹುವಾರ್ಷಿಕ ಸಸ್ಯ. ಮೇಲೆ ಕಾಣುವುದು ನೂಲಿನಷ್ಟು ತೆಳ್ಳಗಿನ ಕಾಂಡಗಳು. ನೆಲದೊಳಗೆ ಇರುವುದು ಸಣ್ಣದಾದರೂ ಗಟ್ಟಿಮುಟ್ಟಾದ, ಕಟ್ಟಿಗೆಯಂಥ ಬೇರುಬುಡ. ಬೇಸಿಗೆಯಲ್ಲಿ ಕಾಂಡ ಒಣಗಲಿ, ಕುರಿ ಮೇಯಲಿ, ಹುಲ್ಲಿಗೆ ಬೆಂಕಿ ಬೀಳಲಿ, ಈ ಬುಡ ಉಳಿದರೆ ಗಿಡ ಉಳಿಯಿತು. ನಮ್ಮ ಒಣ ಹುಲ್ಲುಗಾವಲಿನ ಬಹುವಾರ್ಷಿಕ ಸಸ್ಯಗಳಲ್ಲಿ ಹಲವು ಹೀಗೆ ತಮ್ಮ ಬಂಡವಾಳವನ್ನು ನೆಲದೊಳಗೆ ಇಟ್ಟುಕೊಂಡಿರುತ್ತವೆ. ಬಯಲಿನಲ್ಲಿ ಬೆಳೆದ ಗಿಡವನ್ನು ಕೈಯಿಂದ ಎಳೆದಾಗ ನಮ್ಮ ಕೈಗೆ ಬರುವುದು ಕಾಂಡ, ಬುಡದ ಒಂದು ತುಂಡು, ನಾಲ್ಕು ಬೇರೆಳೆ. ಬದುಕು ಇದ್ದ ಭಾಗ ಅಲ್ಲೇ ಉಳಿದಿರುತ್ತದೆ. ಹಾಗೆ ಕಿತ್ತು ತಂದದ್ದನ್ನು ನೆಟ್ಟು ವಾರವೊಪ್ಪತ್ತು ಹಸಿರಾಗಿದ್ದನ್ನು ಕಂಡು ಗಿಡ ಹಿಡಿಯಿತು ಎಂದುಕೊಂಡರೆ ಅದು ಕಾಂಡದಲ್ಲಿ ಉಳಿದಿದ್ದ ನೀರಿನ ಕೆಲಸ.

ರೋಮದ ಹೊದಿಕೆ ಮತ್ತೊಂದು ಸೂಚನೆ. ಬಿಸಿಲು, ಗಾಳಿಗಳಿಂದ ಎಲೆಯ ತೇವವನ್ನು ಕಾಪಾಡುವುದು ಅದರ ಕೆಲಸ. ಮರದಡಿಯ ನೆರಳಿನಲ್ಲಿ, ಗಾಳಿಯಾಡದ ಮೂಲೆಯಲ್ಲಿ, ಮೇಲಿನಿಂದ ನೀರು ಚಿಮುಕಿಸುತ್ತಿದ್ದರೆ ಅದೇ ರೋಮ ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ದಾರಿಮಾಡುತ್ತದೆ. ಇನ್ನು ಹೂವು: ಎಲೆಗಿಂತ ಉದ್ದವಾದ, ಕೂದಲೆಳೆಯಂಥ ತೊಟ್ಟಿನ ತುದಿಯಲ್ಲಿ ಒಂದೋ ಎರಡೋ, ಅಗಲ ಒಂದು ಸೆಂಟಿಮೀಟರಿಗೂ ಕಡಿಮೆ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ, ಮರುದಿನಕ್ಕೆ ಬೇರೆ ಹೂವು. ಮೋಡ ಕವಿದ ದಿನ ಸರಿಯಾಗಿ ಅರಳುವುದೂ ಇಲ್ಲ. ಸಂಜೆ ಕಚೇರಿಯಿಂದ ಬಂದು ತೋಟ ನೋಡುವವರು ಹೂವೇ ಬಿಡಲಿಲ್ಲ ಎಂದು ಗೊಬ್ಬರ ಹಾಕುವುದಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ನೋಡುವುದು ಒಳ್ಳೆಯದು.

ಕಡ್ಡಿಯಿಂದಲೂ ಕಷ್ಟ, ಕಿತ್ತು ನೆಟ್ಟರೂ ಕಷ್ಟ ಎಂದಾದ ಮೇಲೆ ಉಳಿಯುವುದು ಬೀಜ. ಕಾಯಿ ಮೂರು ನಾಲ್ಕು ಮಿಲಿಮೀಟರಿನ ಗುಂಡು. ಬಲಿಯುತ್ತಿದ್ದಂತೆ ತೊಟ್ಟು ಬಾಗಿ ನೆಲ ನೋಡುತ್ತದೆ, ಒಣಗಿ ನಾಲ್ಕು ಹೋಳಾಗಿ ಬಿರಿದು ಹೆಚ್ಚೆಂದರೆ ನಾಲ್ಕು ನುಣುಪಾದ ಬೀಜಗಳನ್ನು ತಾಯಿಗಿಡದ ಬುಡದಲ್ಲೇ ಉದುರಿಸುತ್ತದೆ. ಗಾಳಿಗೆ ಹಾರುವ ಏರ್ಪಾಡಿಲ್ಲ. ಆದ್ದರಿಂದ ಕಾಯಿ ಹಸಿರು ಕಳೆದು ಕಾಗದದಂತಾದಾಗ, ಬಿರಿಯುವ ಮುಂಚೆ, ಬೀಜ ಹಿಡಿಯಬೇಕು. ನಮ್ಮ ಕಡೆ ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಕಾಯಿ ಹೇರಳ.

ಹೀಗೆ ಹಿಡಿದ ಬೀಜವನ್ನು ಹಾಗೇ ಬಿತ್ತಿದರೆ ಹೆಚ್ಚಿನವು ಮೊಳೆಯುವುದಿಲ್ಲ. ಬೀಜ ಜೊಳ್ಳಲ್ಲ. ಕನ್ವಾಲ್ವುಲೇಸಿಯೆ ಕುಟುಂಬದ ಬಹುಪಾಲು ಸಸ್ಯಗಳಲ್ಲಿ ಬೀಜದ ಹೊರಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಬಿಗಿಯಾಗಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಭೌತಿಕ ಸುಪ್ತಾವಸ್ಥೆ ಎನ್ನುತ್ತಾರೆ. ಬಯಲಿನಲ್ಲಿ ಬೇಸಿಗೆಯ ಕಾವು, ಹಗಲಿರುಳಿನ ಉಷ್ಣದ ಏರಿಳಿತಗಳು ಕಾಲಾನುಕ್ರಮದಲ್ಲಿ ನೀರಿಗೆ ದಾರಿ ತೆರೆಯುತ್ತವೆ. ತೋಟದಲ್ಲಿ ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಉಜ್ಜುಕಾಗದದ ಎರಡು ತುಂಡುಗಳ ನಡುವೆ ಬೀಜವಿಟ್ಟು ಹಗುರವಾಗಿ ತಿಕ್ಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಸಾಕು. ಬೆಳಿಗ್ಗೆಗೆ ಉಬ್ಬಿದವು ಬಿತ್ತನೆಗೆ ಸಿದ್ಧ. ಉಬ್ಬದವನ್ನು ಮತ್ತೊಮ್ಮೆ ತಿಕ್ಕಬೇಕು. ತೀರಾ ಜೋರಾಗಿ ತಿಕ್ಕಿದರೆ ಒಳಗಿನ ಮೊಳಕೆಗೆ ಪೆಟ್ಟಾಗುತ್ತದೆ.

ಇಲ್ಲೊಂದು ಮಾತು. ಇರುವ ಬೀಜವನ್ನೆಲ್ಲ ತಿಕ್ಕಿ ಒಂದೇ ಸಲ ಮೊಳೆಯಿಸುವುದು ಜಾಣತನವೆಂದು ನನಗೆ ಅನ್ನಿಸುವುದಿಲ್ಲ. ಸಿಪ್ಪೆಯ ಬಿಗಿ ತೋಟಗಾರನಿಗೆ ತೊಡಕು, ಗಿಡಕ್ಕೆ ರಕ್ಷೆ: ಒಂದೇ ವರ್ಷದ ಬೀಜ ಹಲವು ವರ್ಷಗಳ ಮಳೆಗೆ ಹಂಚಿಹೋಗುತ್ತದೆ, ಮುಂಗಾರು ಕೈಕೊಟ್ಟ ವರ್ಷ ಎಲ್ಲ ಸಸಿಗಳೂ ಒಟ್ಟಿಗೆ ಸಾಯುವುದು ತಪ್ಪುತ್ತದೆ. ಬೀಜದ ಅರ್ಧವನ್ನು ತಿಕ್ಕದೆ ಅದೇ ಮಣ್ಣಿಗೆ ಚೆಲ್ಲಿಬಿಟ್ಟರೆ ನೆಲದೊಳಗೆ ಒಂದು ದಾಸ್ತಾನು ಇರುತ್ತದೆ.

ಮಣ್ಣಿನ ವಿಚಾರ ಸರಳ. ಕೆಂಪುಮಣ್ಣು, ಮರಳು, ಗರಸು ಸರಿಸುಮಾರು ಸಮಪಾಲು. ಎಲೆಗೊಬ್ಬರ ಒಂದು ಹಿಡಿ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ. ನರ್ಸರಿಗಳ ಪ್ರೀತಿಯ ತೆಂಗಿನನಾರಿನ ಪುಡಿ ಬೇಡವೇ ಬೇಡ, ಅದು ತೇವ ಹಿಡಿದಿಟ್ಟು ಬೇರುಬುಡವನ್ನು ಕೊಳೆಸುತ್ತದೆ. ಸಾರಜನಕ ಹೆಚ್ಚಾದರೆ ಕಾಂಡ ಉದ್ದುದ್ದ ಬೆಳೆದು ಹೂವು ಕಡಿಮೆಯಾಗುತ್ತದೆ. ಕುಂಡದಲ್ಲಾದರೆ ಸುಟ್ಟ ಮಣ್ಣಿನ, ಒಂದಡಿಯಾದರೂ ಆಳವಿರುವ ಕುಂಡ. ಅಗಲವಾದ ತಟ್ಟೆಕುಂಡ ನೋಡಲು ಚೆಂದವಾದರೂ ಬೇರು ಇಳಿಯಲು ಜಾಗವಿರುವುದಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಇದು ಕನ್ವಾಲ್ವ್ಯುಲಸ್‌ಗಳ ನೆಂಟನಾದರೂ ಸುತ್ತಿಕೊಂಡು ಹತ್ತುವ ಗಿಡವಲ್ಲ, ಆಸರೆಯ ಕೋಲು ನಿರರ್ಥಕ.

ಬಿತ್ತನೆಗೆ ರೋಹಿಣಿ, ಮೃಗಶಿರ ಮಳೆಗಳು ಸೂಕ್ತ. ಬೆಳೆಯುವ ಜಾಗದಲ್ಲೇ, ಎರಡು ಮೂರು ಮಿಲಿಮೀಟರಿಗಿಂತ ಆಳಕ್ಕಿಳಿಯದಂತೆ ಬಿತ್ತಬೇಕು. ಸಸಿ ಚಿಕ್ಕದಿದ್ದಾಗ ಮಣ್ಣಿನ ಮೇಲ್ಪದರ ಒಣಗಲು ಬಿಡಬಾರದು. ನೀರಿನ ಧಾರಾಳಕ್ಕೆ ಅವಕಾಶವಿರುವುದು ಈ ಕೆಲವೇ ವಾರಗಳಲ್ಲಿ. ಆಮೇಲೆ ಮಳೆ ಪೂರ್ತಿ ಕೈಕೊಟ್ಟಾಗ ಮಾತ್ರ ನೀರು. ಮಘೆ, ಹುಬ್ಬೆಯ ಹೊತ್ತಿಗೆ ಹೂವಿನ ಸುಗ್ಗಿ. ಚೌತಿಯಲ್ಲಿ ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದಾದ್ದರಿಂದ ಆಗ ಮನೆಯವರ ಕಣ್ಣು ಗಿಡದ ಮೇಲೆ ಬೀಳುತ್ತದೆ. ಕುಡಿಗಳನ್ನು ಕತ್ತರಿಯಿಂದ ಕತ್ತರಿಸಿದರೆ ತೊಂದರೆಯಿಲ್ಲ, ಹೊಸ ಕವಲು ಒಡೆಯುತ್ತದೆ. ಬೇರುಸಹಿತ ಕೀಳುವ ಅಭ್ಯಾಸವನ್ನು ಬಯಲಿನಲ್ಲಾಗಲಿ ತೋಟದಲ್ಲಾಗಲಿ ಬಿಡಬೇಕು.

ಚಳಿಗಾಲ ಕಳೆದ ಮೇಲಿನ ತಿಂಗಳುಗಳೇ ಪರೀಕ್ಷೆಯ ಕಾಲ. ಕಾಂಡ ಕಂದಾಗುತ್ತದೆ, ಎಲೆ ಉದುರುತ್ತದೆ, ಕುಂಡ ಖಾಲಿಯಾದಂತೆ ಕಾಣುತ್ತದೆ. ಆಗ ನೀರು ಹೊಯ್ದು ಎಬ್ಬಿಸಲು ಹೋಗುವುದೂ ಸತ್ತಿತೆಂದು ಮಣ್ಣು ಕೆದಕುವುದೂ ಒಂದೇ ಬಗೆಯ ಹಾನಿ. ಒಣ ಕಾಂಡವನ್ನು ಬುಡದಿಂದ ಒಂದಂಗುಲ ಬಿಟ್ಟು ಕತ್ತರಿಸಿ, ಕುಂಡಕ್ಕೊಂದು ಗುರುತಿನ ಕಡ್ಡಿ ಚುಚ್ಚಿ ಬಿಟ್ಟುಬಿಡಬೇಕು. ಕುಂಡದ ಮಣ್ಣು ನೆಲಕ್ಕಿಂತ ಬೇಗ ಕಾಯುವುದರಿಂದ ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ನೀರು ಸಾಕು, ನೆಲದ ಗಿಡಕ್ಕೆ ಅದೂ ಬೇಡ. ಭರಣಿ ಮಳೆಯ ಹದ ಸಿಕ್ಕರೆ ಬುಡದಿಂದ ಚಿಗುರು ಬರುತ್ತದೆ.

ಇಷ್ಟಾದರೂ ಒಂಟಿ ಕುಂಡದ ವಿಷ್ಣುಕ್ರಾಂತಿ ಸೊರಗಿದಂತೆಯೇ ಕಾಣುವುದುಂಟು. ಬಯಲಿನಲ್ಲಿ ಅದು ಒಂಟಿಯಾಗಿ ಬೆಳೆಯುವ ಗಿಡವಲ್ಲ. ಕುಚ್ಚುಕುಚ್ಚಾಗಿ ನಿಂತ ಹುಲ್ಲಿನ ನಡುವಿನ ತೆರಪುಗಳಲ್ಲಿ ರತ್ನಪುರುಷ, ನೆಲನೆಲ್ಲಿಗಳಂಥ ಗಿಡಗಳ ಜೊತೆ ಅದರ ವಾಸ. ಆ ತೆರಪನ್ನು ತೆರೆದಿಡುವುದು ಮೇಯುವ ದನಕುರಿ. ಮೇವು ನಿಂತ ಕಡೆ ಹುಲ್ಲೆತ್ತರ ಬೆಳೆದು, ಇಲ್ಲವೇ ಪಾರ್ಥೇನಿಯಂ ಕವಿದು, ಬಿಸಿಲು ನೆಲ ಮುಟ್ಟದೆ ಈ ಪುಟ್ಟ ಗಿಡಗಳು ಮರೆಯಾಗುತ್ತವೆ. ಹಾಗಾಗಿ ಒಂದು ಕುಂಡದ ಬದಲು ಅಂಗಳದ ಹತ್ತಡಿ ನೆಲವನ್ನೇ ಈ ಕೆಲಸಕ್ಕೆ ಬಿಡುವುದು ಉತ್ತಮ: ಗರಸು ಸೇರಿಸಿ ಸ್ವಲ್ಪ ಇಳಿಜಾರು ಮಾಡಿ, ವಿರಳವಾಗಿ ನಾಡಹುಲ್ಲು ಬಿಟ್ಟು, ವರ್ಷಕ್ಕೆರಡು ಸಲ ಕುಡುಗೋಲಿನಿಂದ ಕೊಯ್ದು ದನದ ಬಾಯಿಯ ಕೆಲಸವನ್ನು ನಾವು ಮಾಡುವುದು. ಕೊಯ್ದ ಹುಲ್ಲನ್ನು ಅಲ್ಲೇ ಮುಚ್ಚಿಗೆಯಾಗಿ ಹರಡಬಾರದು. ಬೇರೆಡೆ ಒಳ್ಳೆಯದಾದ ಮುಚ್ಚಿಗೆ ಇಲ್ಲಿ ತೆರಪು ಮುಚ್ಚುತ್ತದೆ, ನೆಲಕ್ಕೆ ಬಿದ್ದ ಬೀಜಕ್ಕೆ ಬಿಸಿಲಿನ ಕಾವು ಸಿಗದಂತೆ ಮಾಡುತ್ತದೆ. ಕಳೆ ತೆಗೆಯುವವರಿಗೆ ಎಳೆ ಸಸಿಯನ್ನು ತೋರಿಸಿಕೊಟ್ಟಿರಬೇಕು. ಕೂಲಿಯಾಳಿನ ಕಣ್ಣಿಗೆ ಅದು ಕಳೆಯೇ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕರಾವಳಿ, ಮಲೆನಾಡುಗಳಿಗೆ ಈ ಕ್ರಮವನ್ನು ಕೊಂಚ ಬದಲಿಸಬೇಕು. ಅಲ್ಲಿನ ಆರಿದ್ರೆ, ಪುನರ್ವಸು ಮಳೆಗೆ ಸಮತಟ್ಟಾದ ನೆಲದ ಸಸಿ ಉಳಿಯುವುದು ಕಷ್ಟ. ಮುರಕಲ್ಲಿನ ಧರೆಯ ಅಂಚಿನಲ್ಲಿ, ನೀರು ನಿಲ್ಲದ ಇಳುಕಲಿನಲ್ಲಿ ಬಿತ್ತಬೇಕು, ಅದೂ ಮಳೆಯ ಅಬ್ಬರ ಇಳಿದ ಮೇಲೆ. ಕುಂಡವಾದರೆ ಸೂರಿನ ನೀರು ಬೀಳದ, ಆದರೆ ಬಿಸಿಲು ಬೀಳುವ ಜಗಲಿಯಂಚು ಬೇಕು. ಬಸವನಹುಳುಗಳು ಎಳೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲವು, ಬುಡದ ಸುತ್ತ ಸುಣ್ಣದ ಪುಡಿ ಹಾಕಿದರೂ ಮಳೆ ಅದನ್ನು ತೊಳೆಯುತ್ತದೆ. ಕತ್ತಲಾದ ಮೇಲೆ ಟಾರ್ಚು ಹಿಡಿದು ಆರಿಸಿ ತೆಗೆಯುವುದೇ ಅಲ್ಲಿ ನಡೆಯುವ ಉಪಾಯ.