ಗಾಳಿಯನ್ನು ತೂಗಿದ ರಾಕೆಟ್‌ಗಳು

ನಾವು ಉಸಿರಾಡುವ ಒಂದು ಘನಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ ಎಂದರೆ ನಂಬುವಿರಾ? ಆದರೆ 100 ಕಿಲೋಮೀಟರ್ ಎತ್ತರದಲ್ಲಿ ಅಷ್ಟೇ ಜಾಗದ ಗಾಳಿ ಒಂದು ಮಿಲಿಗ್ರಾಂ ಕೂಡ ತೂಗದು. ಇದನ್ನು ಅಳೆದದ್ದು ಹೇಗೆ?

ಬಲೂನುಗಳು ಅಷ್ಟು ಎತ್ತರ ಏರಲಾರವು. ಎರಡನೇ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ಜರ್ಮನಿ ಹಾರಿಸಿದ್ದು ವಿ-2 ರಾಕೆಟ್‌ಗಳನ್ನು. ಯುದ್ಧ ಮುಗಿದ ಮೇಲೆ ಅಮೆರಿಕವು ವಶಪಡಿಸಿಕೊಂಡ ಅಂಥ ರಾಕೆಟ್‌ಗಳನ್ನು 1946ರಿಂದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಹಾರಿಸಿತು. ಸಿಡಿತಲೆ ಇದ್ದ ಜಾಗಕ್ಕೆ ವೈಜ್ಞಾನಿಕ ಉಪಕರಣಗಳು ಬಂದವು. ಕೊಲ್ಲುವ ಯಂತ್ರವೇ ಅರಿವಿನ ಸಾಧನವಾಯಿತು!

ಮುಂದೆ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸರಳವಾದ ಉಪಾಯವೊಂದನ್ನು ಬಳಸಿದರು. ರಾಕೆಟ್ ಮೇಲೇರಿ ಒಂದು ಗೋಳವನ್ನು ಬಿಡುತ್ತದೆ. ತೆಳುವಾದ ಗಾಳಿ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ದಟ್ಟವಾದ ಗಾಳಿ ಹೆಚ್ಚು ತಡೆಯುತ್ತದೆ. ಆ ತಡೆಯನ್ನು ಅಳೆದರೆ ಗಾಳಿಯ ಸಾಂದ್ರತೆ ಲೆಕ್ಕಕ್ಕೆ ಸಿಗುತ್ತದೆ.

ಇದರಿಂದೇನು ಪ್ರಯೋಜನ ಎನ್ನುವಿರಾ? ಸೂರ್ಯನ ಚಟುವಟಿಕೆ ಹೆಚ್ಚಿ, ಮೇಲಿನ ವಾತಾವರಣ ಎಣಿಸಿದ್ದಕ್ಕಿಂತ ದಟ್ಟವಾದ ಕಾರಣ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಬೇಗನೆ ಕೆಳಗಿಳಿಯಿತು. 1979ರ ಜುಲೈ 11ರಂದು ಅದರ ಚೂರುಗಳು ಆಸ್ಟ್ರೇಲಿಯಾದ ನೆಲಕ್ಕೆ ಬಿದ್ದವು. ಮಿಲಿಗ್ರಾಂಗೂ ಸಾಲದ ಗಾಳಿ ಹಲವು ಟನ್ ತೂಕದ ನಿಲ್ದಾಣವನ್ನೇ ಕೆಳಗಿಳಿಸಿತು. ಚಿಕ್ಕದೆಂದು ಯಾವುದನ್ನೂ ಅಳೆಯದೆ ಬಿಡಬಾರದು ಎಂಬುದೇ ಇಲ್ಲಿನ ಪಾಠ.