ದಾಕಿನ ವೈರಸ್ಸು ಮೊದಲೇ ಕಲಿತಿದ್ದ ವಿದ್ಯೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಸಿಡುಬನ್ನು ಕಾಯಿಲೆ ಎಂದು ಕರೆದವರು ಕಡಿಮೆ. ಮನೆಗೆ ‘ಅಮ್ಮ’ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಲೆಯ ಮೇಲೆ ಒಗ್ಗರಣೆ ನಿಲ್ಲಿಸಿ, ಮಾರಮ್ಮನಿಗೆ ಮೊಸರನ್ನದ ತಂಪು ಒಪ್ಪಿಸುತ್ತಿದ್ದರು. ಸಿಡುಬಿನ ಲಸಿಕೆಯಾದ ದಾಕು ಹಾಕುವವರು ಊರಿಗೆ ಬಂದರೆ ಮಾತ್ರ ಮಕ್ಕಳು ಅಟ್ಟ ಹತ್ತಿ ಕೂರುತ್ತಿದ್ದವು.

ಮೈಸೂರು ಸಂಸ್ಥಾನಕ್ಕೆ ದಾಕು ಬಂದದ್ದು ಅರಮನೆಯ ಬಾಗಿಲಿನಿಂದಲೇ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಅರಮನೆಯ ಮೂವರು ಹೆಂಗಸರಿದ್ದಾರೆ. ಒಬ್ಬಾಕೆ ಸೆರಗು ಸರಿಸಿ ತೋಳಿನತ್ತ ಕೈ ತೋರುತ್ತಾಳೆ. ಅದು ದಾಕಿನ ಜಾಹೀರಾತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಮುಂದೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡದ ಡಾ. ಪಲ್ಪು ಮೈಸೂರಿನ ಸೇವೆಗೆ ಸೇರಿ, ಬೆಂಗಳೂರಿನಲ್ಲಿ ಲಸಿಕೆ ತಯಾರಿಕೆಯ ಹೊಣೆ ಹೊತ್ತರು. ತಿರುವಾಂಕೂರಿನ ನಷ್ಟ, ಮೈಸೂರಿನ ಲಾಭ!

ದಾಕಿನಲ್ಲಿ ಇದ್ದದ್ದು ವ್ಯಾಕ್ಸೀನಿಯ ಎಂಬ, ಸಿಡುಬಿನ ಹತ್ತಿರದ ನಂಟಿನ ವೈರಸ್ಸು. ತೋಳಿನ ಗಾಯದಲ್ಲಿ ಅದು ಎದುರಿಸಬೇಕಿದ್ದ ಪಹರೆಗಳಲ್ಲಿ ಕಾಂಪ್ಲಿಮೆಂಟ್ ಒಂದು. ರಕ್ತದಲ್ಲಿ ಸದಾ ಸುತ್ತುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಈ ದಂಡಿನಲ್ಲಿ ಒಂದು ಇನ್ನೊಂದನ್ನು ಕತ್ತರಿಸಿ ಎಬ್ಬಿಸುತ್ತದೆ. ಕೊನೆಗೆ ವೈರಿಯ ಪೊರೆಗೆ ತೂತು ಬೀಳುತ್ತದೆ. ಸೀರಮ್ಮನ್ನು 56 ಡಿಗ್ರಿಗೆ ಕಾಯಿಸಿದರೆ ಈ ಶಕ್ತಿ ಇಂಗಿಹೋಗುವುದನ್ನು 1890ರ ದಶಕದಲ್ಲಿ ಕಂಡವರು ಬೆಲ್ಜಿಯಂನ ಜೂಲ್ಸ್ ಬೋರ್ಡೆ.

1988ರಲ್ಲಿ ಗಿರೀಶ್ ಕೋತ್ವಾಲ್ ಮತ್ತು ಬರ್ನಾರ್ಡ್ ಮಾಸ್ ಒಂದು ಸ್ವಾರಸ್ಯ ಬಯಲಿಗಿಟ್ಟರು: ಕಾಂಪ್ಲಿಮೆಂಟನ್ನು ಹತೋಟಿಯಲ್ಲಿಡುವ ನಮ್ಮದೇ ಪ್ರೋಟೀನುಗಳನ್ನು ಹೋಲುವ ಒಂದು ಪ್ರೋಟೀನನ್ನು ವ್ಯಾಕ್ಸೀನಿಯ ತಯಾರಿಸಿ ಹೊರಬಿಡುತ್ತದೆ. ಸಿಡುಬಿನ ವೈರಸ್ಸಿನ ಅದೇ ಪ್ರೋಟೀನು ಕೇವಲ 11 ಅಮೈನೊ ಆಮ್ಲಗಳಷ್ಟು ಬೇರೆ. ಆದರೆ ಮನುಷ್ಯನ ಕಾಂಪ್ಲಿಮೆಂಟ್ ಪ್ರೋಟೀನಾದ ಸಿ3ಯ ಸಿ3ಬಿ ಎಂಬ ತುಣುಕನ್ನು ನಿಷ್ಕ್ರಿಯಗೊಳಿಸುವುದರಲ್ಲಿ ಅದು ಸುಮಾರು ನೂರು ಪಟ್ಟು ಚುರುಕು ಎಂದು 2002ರಲ್ಲಿ ತಿಳಿಯಿತು. ಪುಣೆಯಲ್ಲಿ ಅರವಿಂದ ಸಾಹು ಅವರ ತಂಡವೂ ಇಂಥ ವೈರಸ್ ಪ್ರೋಟೀನುಗಳ ಬೆನ್ನುಹತ್ತಿತು.

ಕಾಂಪ್ಲಿಮೆಂಟನ್ನು ತಡೆಯುವ, ವೈರಸ್ಸಿಗೆ ಸಿದ್ಧಿಸಿದ್ದ ವಿದ್ಯೆ ಔಷಧ ರಸಾಯನಜ್ಞರಿಗೆ ಸುಲಭಕ್ಕೆ ಒಲಿಯಲಿಲ್ಲ. ಕಾಂಪ್ಲಿಮೆಂಟ್ ತನ್ನವರ ಮೇಲೆಯೇ ತಿರುಗಿಬಿದ್ದು ಕೆಂಪು ರಕ್ತಕಣಗಳನ್ನು ಒಡೆಯುವ ಪಿಎನ್‌ಎಚ್ ಎಂಬ ರೋಗಕ್ಕೆ 2007ರಲ್ಲಿ ಎಕುಲಿಜುಮ್ಯಾಬ್ ಬಂತು. ಆದರೆ ಅದು ದೊಡ್ಡ ಪ್ರತಿಕಾಯ. ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಏರಿಸಬೇಕು. ನುಂಗುವ ಗುಳಿಗೆಗೆ ಪುಟ್ಟ ಅಣು ಬೇಕು. ಲೀಟರ್ ರಕ್ತದ್ರವದಲ್ಲಿ ಸುಮಾರು ಒಂದು ಗ್ರಾಂ ಇರುವ ಸಿ3ಯನ್ನು ಹಿಡಿಯುವುದು ಕಷ್ಟ. ಪ್ರೋಟೀನುಗಳು ಒಂದಕ್ಕೊಂದು ಅಂಟುವ ಜಾಗವೋ ಚಪ್ಪಟೆ, ಪುಟ್ಟ ಅಣುವಿಗೆ ಹಿಡಿತವೇ ಸಿಗದು. ಹಾಗಾಗಿ ಕತ್ತರಿಸುವ ಕಿಣ್ವಗಳ ಮತ್ತು ಜೀವಕೋಶದ ಗ್ರಾಹಕಗಳ ಗುಳಿಗಳನ್ನೇ ಹುಡುಕಿದರು. ಗ್ರಾಹಕವೊಂದನ್ನು ತಡೆಯುವ ಅವಕೋಪಾನ್ 2021ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. 2023ರ ಡಿಸೆಂಬರಿನಲ್ಲಿ ಫ್ಯಾಕ್ಟರ್ ಬಿ ಎಂಬ ಕಾಂಪ್ಲಿಮೆಂಟ್ ಕಿಣ್ವವನ್ನು ಕಟ್ಟಿಹಾಕುವ ಇಪ್ಟಕೋಪಾನ್ ದಿನಕ್ಕೆರಡು ಕ್ಯಾಪ್ಸೂಲಿನ ರೂಪದಲ್ಲಿ ಪಿಎನ್‌ಎಚ್ ರೋಗಿಗಳ ಕೈಸೇರಿತು. 2024ರಲ್ಲಿ ಫ್ಯಾಕ್ಟರ್ ಡಿ ಎಂಬ ಇನ್ನೊಂದು ಕಿಣ್ವಕ್ಕೆ ಗುರಿಯಿಟ್ಟ ಡ್ಯಾನಿಕೋಪಾನ್ ಬಂತು. ಅದನ್ನು ಇಂದಿಗೂ ಒಂಟಿಯಾಗಿ ಕೊಡುವುದಿಲ್ಲ, ಹಳೆಯ ಇಂಜೆಕ್ಷನ್ನಿನ ಜೊತೆಗೇ ಕೊಡುತ್ತಾರೆ.