ಬೈಗುಳವೊಂದರ ಕಥೆ

ಇಂಗ್ಲಿಷಿನಲ್ಲಿ 'ಎಟ್' ಎಂಬ ಒಂದು ಪುಟ್ಟ ಬಾಲವಿದೆ. ಯಾವ ಪದಕ್ಕೆ ಅಂಟಿಸಿದರೂ ಸಾಕು, ಆ ಪದ ಕುಗ್ಗಿಹೋಗುತ್ತದೆ. ಸಿಗಾರ್ ಎಂದರೆ ದಪ್ಪ ಚುಟ್ಟ. ಬಾಲ ಅಂಟಿತೋ, ತೆಳ್ಳನೆಯ ಸಿಗರೇಟ್. ಕಿಚನ್ ಎಂದರೆ ಅಡುಗೆಮನೆ. ಕಿಚನೆಟ್ ಎಂದರೆ ಒಬ್ಬಳು ತಿರುಗಿದರೆ ಇನ್ನೊಬ್ಬಳು ಹೊರಗೆ ಹೋಗಬೇಕಾದ ನಮ್ಮ ಫ್ಲ್ಯಾಟುಗಳ ಮೂಲೆ. ಲೆದರ್ ನಿಜವಾದ ಚರ್ಮ. ಲೆದರೆಟ್ ಚರ್ಮದಂತೆ ಕಾಣುವ ನಕಲಿ. ಹೀಗೆ ಈ ಬಾಲಕ್ಕೆ ಚಿಕ್ಕದು ಎಂಬ ಅರ್ಥವೂ ಇದೆ, ನಕಲಿ ಎಂಬ ಅರ್ಥವೂ ಇದೆ. ಇದನ್ನೇ ಒಮ್ಮೆ ಹೆಂಗಸರಿಗೆ ಅಂಟಿಸಿದರು. ಆಗ ಹುಟ್ಟಿದ ಪದವೇ 'ಸಫ್ರಜೆಟ್'.

ಸಫ್ರೇಜ್ ಎಂದರೆ ಮತದಾನದ ಹಕ್ಕು. ಆ ಹಕ್ಕು ಬೇಕೆಂದು ಕೇಳುವವರಿಗೆ, ಗಂಡಸಾಗಲಿ ಹೆಂಗಸಾಗಲಿ, 'ಸಫ್ರಜಿಸ್ಟ್' ಎಂಬ ಗಂಭೀರ ಹೆಸರು ಮೊದಲೇ ಇತ್ತು. ಬ್ರಿಟನ್ನಿನ ಹೆಂಗಸರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದುದ್ದಕ್ಕೂ ಅರ್ಜಿ ಬರೆದರು, ಸಹಿ ಸಂಗ್ರಹಿಸಿದರು, ಸಭೆ ಸೇರಿ ವಿನಯದಿಂದ ಕೇಳಿದರು. ಪಾರ್ಲಿಮೆಂಟಿನವರೂ ಅಷ್ಟೇ ವಿನಯದಿಂದ ಅರ್ಜಿಗಳನ್ನು ಪಕ್ಕಕ್ಕಿಟ್ಟರು. ಬೇಸತ್ತ ಎಮೆಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹೊಸದೊಂದು ಮಹಿಳಾ ಸಂಘ ಕಟ್ಟಿದಳು. ಎರಡು ವರ್ಷದ ನಂತರ ಅವಳ ಮಗಳು ಕ್ರಿಸ್ಟಬೆಲ್ ಮತ್ತು ಹತ್ತಿಗಿರಣಿಯ ಕೆಲಸಗಾರ್ತಿ ಆ್ಯನಿ ಕೆನ್ನಿ ಲಿಬರಲ್ ಪಕ್ಷದ ಸಭೆಗೆ ಹೋಗಿ, 'ನಿಮ್ಮ ಸರ್ಕಾರ ಬಂದರೆ ನಮಗೆ ಮತ ಕೊಡುತ್ತೀರಾ?' ಎಂದು ಎದ್ದು ನಿಂತು ಕೇಳಿದರು. ಉತ್ತರ ಸಿಗಲಿಲ್ಲ, ಇಬ್ಬರನ್ನೂ ಹೊರಗೆ ದಬ್ಬಿದರು. ದಂಡ ಕಟ್ಟುವುದನ್ನು ಬಿಟ್ಟು ಅವರು ಜೈಲಿಗೆ ಹೋದರು. ಅಲ್ಲಿಯವರೆಗೆ ಅರ್ಜಿಗಳಿಗೆ ಸಿಗದ ಜಾಗ ಪತ್ರಿಕೆಗಳಲ್ಲಿ ಒಮ್ಮೆಲೇ ಸಿಕ್ಕಿತು!

1906ರ ಜನವರಿಯಲ್ಲಿ 'ಡೈಲಿ ಮೇಲ್' ಪತ್ರಿಕೆಯ ಚಾರ್ಲ್ಸ್ ಹ್ಯಾಂಡ್ಸ್ ಎಂಬ ವರದಿಗಾರ ಈ ಹೊಸ ಬಗೆಯ ಹೆಂಗಸರನ್ನು 'ಸಫ್ರಜೆಟ್' ಎಂದು ಕರೆದ. ಗಂಭೀರ ಪದದ ಬಾಲ ಕತ್ತರಿಸಿ, ಹಾಸ್ಯದ ಬಾಲ ಜೋಡಿಸಿದ್ದ ಅಷ್ಟೇ. ಚಿಲ್ಲರೆ ಹೋರಾಟಗಾರ್ತಿಯರು, ಗದ್ದಲ ಮಾಡುವ ಪುಟ್ಟ ಗುಂಪು ಎಂಬ ಧ್ವನಿ ಅದರಲ್ಲಿತ್ತು. ಓದಿದವರು ನಕ್ಕರು. ಪದ ಊರಿಡೀ ಹಬ್ಬಿತು.

ಅಂಥ ಅಣಕ ನಮಗೇನೂ ಹೊಸದಲ್ಲ. ನಾನು ಬೆಳೆದ ಬೀದಿಯಲ್ಲಿ ಒಬ್ಬರು ಅತ್ತೆ ಇದ್ದರು. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೇರೆಯವರೆಲ್ಲ ಕೊಡ ಹಿಡಿದು ಗೊಣಗುತ್ತಿದ್ದರು. ಅವರು ಸೀದಾ ಕಚೇರಿಗೆ ಹೋಗಿ ಮೇಜಿನ ಮುಂದೆ ನಿಲ್ಲುತ್ತಿದ್ದರು. ನೀರು ಬರುತ್ತಿತ್ತು. ಇಡೀ ಬೀದಿ ಆ ನೀರು ಹಿಡಿಯುತ್ತಿತ್ತು. ಹಿಡಿಯುತ್ತಲೇ 'ಅಬ್ಬಾ, ಬಜಾರಿ ಹೆಂಗಸು' ಎನ್ನುತ್ತಿತ್ತು. ಬಜಾರಿ ಎಂದರೇನು? ಬಜಾರಿಗೆ ಬಂದವಳು, ನಾಲ್ಕು ಜನರೆದುರು ದನಿ ಎತ್ತಿದವಳು ಎಂದಷ್ಟೇ. ಗಂಡಸು ಬಜಾರಿನಲ್ಲಿ ಮಾತಾಡಿದರೆ ಮುಖಂಡ, ಹೆಂಗಸು ಮಾತಾಡಿದರೆ ಬಜಾರಿ. 'ಗಂಡುಬೀರಿ'ಯೂ ಅಷ್ಟೇ. ಅದನ್ನು ಬಿಡಿಸಿ ನೋಡಿದರೆ ಒಳಗೆ 'ವೀರ'ನೇ ಕೂತಿದ್ದಾನೆ; ಆದರೂ ಹುಡುಗಿಯೊಬ್ಬಳಿಗೆ ಅದನ್ನು ಯಾರೂ ಹೊಗಳಿಕೆಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಬೈಗುಳ ಬಿದ್ದಾಗ ನಾವು ಸಾಧಾರಣವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ಇಲ್ಲವೇ ಅಳುತ್ತೇವೆ, ಇಲ್ಲವೇ 'ನಾನು ಅಂಥವಳಲ್ಲ' ಎಂದು ಸಾಬೀತು ಮಾಡಲು ಹೊರಡುತ್ತೇವೆ. ಆ ಹೆಂಗಸರು ಮೂರನೆಯದನ್ನು ಮಾಡಿದರು. 'ಹೌದು, ನಾವು ಸಫ್ರಜೆಟ್‌ಗಳೇ' ಎಂದರು. 1912ರಲ್ಲಿ ತಮ್ಮ ಪತ್ರಿಕೆಗೇ 'ದಿ ಸಫ್ರಜೆಟ್' ಎಂದು ಹೆಸರಿಟ್ಟರು. ಇನ್ನೂ ಒಂದು ತಮಾಷೆ ಮಾಡಿದರು. ಪದದ ನಡುವಿನ 'ಜೆ'ಯನ್ನು ಗಟ್ಟಿಯಾಗಿ 'ಗೆ' ಎಂದು ಉಚ್ಚರಿಸಿದರೆ ಕೊನೆಗೆ 'ಗೆಟ್' ಎಂದು ಕೇಳಿಸುತ್ತದಲ್ಲ! ಸಫ್ರಜಿಸ್ಟರು ಮತ ಬೇಕು ಎನ್ನುವವರು, ಸಫ್ರಗೆಟ್‌ಗಳು ಪಡೆದೇ ತೀರುವವರು ಎಂದು ಅರ್ಥ ಹೇಳಿದರು. ಅಣಕಿಸಲು ಅಂಟಿಸಿದ ಬಾಲವೇ ಪಣವಾಯಿತು.

ಅವರೆಲ್ಲ ಪಾಪದ ಹಸುಗಳಾಗಿದ್ದರು ಎಂದು ನಾನು ಹೇಳಹೊರಟಿಲ್ಲ. ಕಲ್ಲೆಸೆದು ಅಂಗಡಿಗಳ ಗಾಜು ಪುಡಿ ಮಾಡಿದರು, ಅಂಚೆಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದರು, ಖಾಲಿ ಕಟ್ಟಡಗಳನ್ನು ಸುಟ್ಟರು. ಹಕ್ಕು ಬೇಕೆನ್ನುತ್ತಿದ್ದ ಹೆಂಗಸರಲ್ಲೇ ಅನೇಕರಿಗೆ ಇದು ಸರಿಕಾಣಲಿಲ್ಲ. ಮಿಲಿಸೆಂಟ್ ಫಾಸೆಟ್ ಅವರ ದೊಡ್ಡ ಸಂಘಟನೆ ಶಾಂತಿಯ ದಾರಿಯಲ್ಲೇ ನಡೆಯಿತು. ಆದರೆ ಕಲ್ಲೆಸೆದವರು ತೆತ್ತ ಬೆಲೆಯೂ ಸಣ್ಣದಲ್ಲ. 1909ರಿಂದ ಜೈಲಿನಲ್ಲಿ ಉಪವಾಸ ಕೂತರು. ಮೂಗಿನಲ್ಲೋ ಗಂಟಲಲ್ಲೋ ಕೊಳವೆ ತುರುಕಿ ಅವರಿಗೆ ಬಲವಂತವಾಗಿ ಆಹಾರ ಸುರಿದರು. 1913ರಲ್ಲಿ ಸರ್ಕಾರ ಹೊಸ ಕಾನೂನು ತಂದಿತು. ಉಪವಾಸದಿಂದ ಸಾಯುವಂತಾದವಳನ್ನು ಮನೆಗೆ ಬಿಡುವುದು, ಚೇತರಿಸಿಕೊಂಡೊಡನೆ ಮತ್ತೆ ಹಿಡಿದು ತರುವುದು. ಈ ಬಾರಿ ಹೆಸರಿಡುವ ಸರದಿ ಹೋರಾಟದವರದ್ದು. 'ಬೆಕ್ಕು ಇಲಿ ಕಾಯ್ದೆ' ಎಂಬ ಹೆಸರು ಹೇಗೆ ಅಂಟಿತೆಂದರೆ, ಆ ಕಾನೂನಿನ ನಿಜವಾದ ಉದ್ದ ಹೆಸರು ಇಂದು ಯಾರಿಗೂ ನೆನಪಿಲ್ಲ.

ಈ ಕಥೆಯ ಒಂದು ಎಳೆ ನಮ್ಮ ಮಂಗಳೂರಿಗೂ ಬಂದಿದೆ. ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನವರು. 1910ರಲ್ಲಿ ಲಂಡನ್ನಿನಲ್ಲಿ ಕಲ್ಲೆಸೆದು ಹಾಲೋವೇ ಜೈಲು ಕಂಡವರು, 1913ರಲ್ಲಿ ಡಬ್ಲಿನ್ನಿನಲ್ಲಿ ಗಾಜು ಒಡೆದು ಮತ್ತೊಮ್ಮೆ ಜೈಲಿಗೆ ಹೋದವರು. 1915ರಲ್ಲಿ ಗಂಡನೊಂದಿಗೆ ಭಾರತಕ್ಕೆ ಬಂದರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. ದಕ್ಷಿಣ ಕನ್ನಡವನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ 1921ರಲ್ಲಿ, ಆಸ್ತಿಯ ಷರತ್ತಿನೊಡನೆ, ಮತದ ಹಕ್ಕು ಸಿಕ್ಕಿತು. ಆ ಹಕ್ಕಿಗಾಗಿ ದುಡಿದವರಲ್ಲಿ ಮಾರ್ಗರೆಟ್ ಮುಖ್ಯರು. ಚುನಾವಣೆಗೆ ನಿಲ್ಲಲೂ ಹೆಂಗಸರಿಗೆ ಅವಕಾಶವಾದಾಗ, 1926ರಲ್ಲಿ, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರನ್ನು 'ನೀನು ನಿಲ್ಲು' ಎಂದು ಹುರಿದುಂಬಿಸಿದವರೂ ಅವರೇ. ಕಮಲಾದೇವಿ ಸ್ವಲ್ಪದರಲ್ಲಿ ಸೋತರು. ಆದರೆ ಹೆಂಗಸು ಚುನಾವಣೆಗೆ ನಿಲ್ಲಬಹುದು ಎಂಬುದನ್ನು ಊರು ಕಣ್ಣಾರೆ ಕಂಡಿತು. ಗಾಜು ಒಡೆದಿದ್ದ ಇದೇ ಮಾರ್ಗರೆಟ್ 1920ರ ದಶಕದಲ್ಲಿ ಮದ್ರಾಸಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಕೂತರು! 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳ ವಿರುದ್ಧ ಮಾತಾಡಿ ಮತ್ತೆ ಜೈಲಿಗೂ ನಡೆದರು.

ಬ್ರಿಟನ್ನಿನಲ್ಲಿ 1918ರಲ್ಲಿ ಮೂವತ್ತು ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೂ, 1928ರಲ್ಲಿ ಗಂಡಸರಂತೆಯೇ ಇಪ್ಪತ್ತೊಂದು ತುಂಬಿದವರಿಗೂ ಮತ ಸಿಕ್ಕಿತು. 1930ರಲ್ಲಿ ಪಾರ್ಲಿಮೆಂಟಿನ ಪಕ್ಕದಲ್ಲೇ ಎಮೆಲಿನ್ ಪ್ರತಿಮೆ ಎದ್ದಿತು. ಇಂದು ದಿನಬಳಕೆಯ ಇಂಗ್ಲಿಷಿನಲ್ಲಿ ಮತಕ್ಕಾಗಿ ಹೋರಾಡಿದ ಎಲ್ಲ ಹೆಂಗಸರನ್ನೂ, ಶಾಂತಿಯಿಂದ ಅರ್ಜಿ ಬರೆದವರನ್ನೂ ಸೇರಿಸಿ, ಸಫ್ರಜೆಟ್ ಎಂದೇ ಕರೆಯುವವರು ಹೆಚ್ಚು. ಮರ್ಯಾದೆಯ ಹೆಸರು ಪುಸ್ತಕಗಳಲ್ಲಿ ಉಳಿಯಿತು, ಬೈಗುಳ ಜನರ ನಾಲಗೆಯ ಮೇಲೆ ಗೌರವವಾಗಿ ಉಳಿಯಿತು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಮೊದಲ ಮಹಾಚುನಾವಣೆ ನೆನಪಾಗುತ್ತದೆ. ಸ್ವತಂತ್ರ ಭಾರತ ನಮಗೆ ಮೊದಲಿನಿಂದಲೇ ಸಮಾನ ಮತ ಕೊಟ್ಟಿತು. ಆದರೆ 1951-52ರ ಆ ಚುನಾವಣೆಗೆ ಪಟ್ಟಿ ತಯಾರಿಸಲು ಮನೆಮನೆಗೆ ಹೋದವರಿಗೆ ಉತ್ತರದ ಅನೇಕ ಕಡೆ ಹೆಂಗಸರು ತಮ್ಮ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಸ್ವಂತ ಹೆಸರಿಲ್ಲದ ಮತದಾರಳನ್ನು ಪಟ್ಟಿಯಲ್ಲಿ ಇಡುವಂತಿಲ್ಲ ಎಂದು ಚುನಾವಣಾ ಆಯೋಗ ಪಟ್ಟು ಹಿಡಿಯಿತು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು.

ಅಲ್ಲಿನವರು ಊರು ಕೊಟ್ಟ ಕೆಟ್ಟ ಹೆಸರನ್ನು ಹೊತ್ತುಕೊಂಡೇ ಮತ ಗೆದ್ದರು. ಇಲ್ಲಿನ ಲಕ್ಷಾಂತರ ತಾಯಂದಿರು ಒಳ್ಳೆಯವರೆನಿಸಿಕೊಂಡು, ತಮ್ಮ ಹೆಸರನ್ನೇ ನುಂಗಿ, ಕೈಗೆ ಬಂದ ಮತವನ್ನು ಕಳೆದುಕೊಂಡರು. ಒಳ್ಳೆಯ ಹೆಸರಿಗೂ ಒಂದು ಬೆಲೆಯಿದೆ, ನೋಡಿ. ಮನೆಯ ಹುಡುಗಿ ನಾಲ್ಕು ಜನರೆದುರು ಏನಾದರೂ ಕೇಳಿದಾಗ 'ಸುಮ್ಮನಿರೇ, ಬಜಾರಿ ಎಂದಾರು' ಎಂದು ಅವಳ ಬಾಯಿ ಮುಚ್ಚಿಸುವ ಮೊದಲು, ಅವಳು ಕೇಳಿದ್ದು ನ್ಯಾಯವೇ ಅಲ್ಲವೇ ಎಂದಷ್ಟು ನಾವು ನೋಡಿದರೆ ಸಾಕು. ಅನ್ನುವವರು ಅನ್ನಲಿ. ನೀರು ಬಂದಾಗ ಅವರೂ ಕೊಡ ತರುತ್ತಾರೆ.